ಶಾಲೆಗೂ ಜೇಲಿಗೂ ಒಂದೇ ಮಾತು

ಚಿಟಗುಪ್ಪದಲ್ಲಿ ನಾನು ಆರನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಹಿಂದಿ ಗುರುಗಳು ಕರಿಹಲಗೆಯ ಮೇಲೆ ‘ಶಿಕ್ಷಾ ಹಮಾರಾ ಅಧಿಕಾರ್ ಹೈ’ ಎಂದು ದೊಡ್ಡದಾಗಿ ಬರೆದರು. ನನ್ನ ಪಕ್ಕ ಕೂತವನ ಮನೆಮಾತು ಮರಾಠಿ. ಅವನು ಓದಿ, ಕಣ್ಣು ಅಗಲಿಸಿ, ನನ್ನ ಕಿವಿಯಲ್ಲಿ “ಏ, ಶಿಕ್ಷಾ ನಮ್ಮ ಹಕ್ಕ ಅದ ಅಂತ ಬರ್ದಾರ ನೋಡು” ಅಂದ. ನನಗೆ ನಗು ತಡೆಯಲಾಗಲಿಲ್ಲ. ಹಿಂದಿನ ಸಾಲಿಗೂ ನಗು ಹಬ್ಬಿತು. ಗುರುಗಳು ನಮ್ಮಿಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ಲಕ್ಕಿ ಬರಲಿನಿಂದ ಅಂಗೈಗೆ ಎರಡೆರಡು ಕೊಟ್ಟರು. ಸಿಟ್ಟು ಇಳಿದ ಮೇಲೆ ಹಲಗೆಯ ಕಡೆ ತಿರುಗಿ, ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ ಎಂದು ಬಿಡಿಸಿ ಹೇಳಿದರು. ಒಂದೇ ತಾಸಿನಲ್ಲಿ ಆ ಪದದ ಎರಡೂ ಅರ್ಥ ನಮಗೆ ದಕ್ಕಿದವು. ಒಂದು ಅಂಗೈಯಲ್ಲಿ, ಒಂದು ಹಲಗೆಯ ಮೇಲೆ.

ಹುಮನಾಬಾದ್ ತಾಲೂಕಿನಿಂದ ಬೇರೆಯಾಗಿ ಈಚೆಗೆ ತಾನೇ ಒಂದು ತಾಲೂಕಾದ ನಮ್ಮೂರಿನ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಕನ್ನಡ, ಮರಾಠಿ, ದಖನಿ, ತೆಲುಗು, ಲಂಬಾಣಿ ಐದೂ ಕಿವಿಗೆ ಬೀಳುತ್ತವೆ. ಕನ್ನಡದವರಿಗೆ, ಮರಾಠಿಯವರಿಗೆ, ತೆಲುಗಿನವರಿಗೆ ಶಿಕ್ಷೆ ಎಂದರೆ ಏಟು, ದಂಡ, ಜೇಲು. ಮಲಯಾಳದಲ್ಲೂ ಅದೇ. ಹಿಂದಿ, ಬಂಗಾಳಿ, ಒಡಿಯಾಗಳಲ್ಲಿ ಅದು ಓದು, ವಿದ್ಯೆ. ಕೇಂದ್ರ ಸರ್ಕಾರ 2001ರಲ್ಲಿ ‘ಸರ್ವ ಶಿಕ್ಷಾ ಅಭಿಯಾನ’ ಶುರು ಮಾಡಿದಾಗ ನಮ್ಮ ರಾಜ್ಯದವರು ಅದನ್ನು ‘ಸರ್ವ ಶಿಕ್ಷಣ ಅಭಿಯಾನ’ ಎಂದು ಮಾಡಿಕೊಂಡರು. ಒಂದು ಣಕಾರ ಸೇರಿಸಿ ಕನ್ನಡದ ಓದುಗರನ್ನು ಗೊಂದಲದಿಂದ ಪಾರು ಮಾಡಿದರು. ಆದರೆ ಆ ಗೊಂದಲದ ಒಳಗೇ ಒಂದು ದೊಡ್ಡ ಪ್ರಶ್ನೆ ಇದೆ. ತಪ್ಪು ಮಾಡಿದವನನ್ನು ನಾವು ಯಾತಕ್ಕೆ ಒಳಗೆ ಹಾಕುತ್ತೇವೆ? ಅವನು ಹೊರಗೆ ಬರುವಾಗ ಒಳ್ಳೆಯವನಾಗಿ ಬರುತ್ತಾನೋ, ಇನ್ನಷ್ಟು ಕೆಟ್ಟು ಬರುತ್ತಾನೋ? ಈ ಪ್ರಶ್ನೆಗೆ ಪದವೇ ಅರ್ಧ ಉತ್ತರ ಹೇಳುತ್ತದೆ ಎಂಬುದು ನನ್ನ ನಂಬಿಕೆ.

ಪದದ ಬೇರಿಗೆ ಹೋಗೋಣ. ಏನನ್ನಾದರೂ ಮಾಡಬೇಕೆಂಬ ಆಸೆಯನ್ನು ಹೇಳಲು ಸಂಸ್ಕೃತದಲ್ಲಿ ಧಾತುವಿಗೆ ‘ಸನ್’ ಎಂಬ ಪ್ರತ್ಯಯ ಹತ್ತಿಸುತ್ತಾರೆ. ಜ್ಞಾ ಎಂದರೆ ಅರಿ. ಅರಿಯಬೇಕೆಂಬ ಆಸೆ ಜಿಜ್ಞಾಸೆ. ಪಾ ಎಂದರೆ ಕುಡಿ. ಕುಡಿಯುವ ಆಸೆ ಪಿಪಾಸೆ. ಭುಜ್ ಎಂದರೆ ಉಣ್ಣು. ಉಣ್ಣುವ ಆಸೆ ಬುಭುಕ್ಷೆ. ಭಜ್ ಎಂದರೆ ಪಾಲು ಪಡೆ. ಒಂದು ಪಾಲು ಸಿಗಲಿ ಎಂದು ಬೇಡುವುದು ಭಿಕ್ಷೆ. ಮುಚ್ ಎಂದರೆ ಬಿಡು. ಬಿಡುಗಡೆ ಬಯಸುವವನು ಮುಮುಕ್ಷು. ಈ ಪಂಕ್ತಿಯಲ್ಲೇ ಕೂತಿದೆ ಶಿಕ್ಷೆ. ಅದರ ಧಾತು ಶಕ್; ಶಕ್ತಿ, ಶಕ್ಯ, ಶಕ್ತ ಎಲ್ಲ ಹುಟ್ಟಿದ್ದು ಅದರಿಂದ. ಕೈಲಾಗು, ಸಾಧ್ಯವಾಗು ಎಂದು ಅದರ ಅರ್ಥ. ಹಾಗಾದರೆ ಶಿಕ್ಷೆ ಎಂದರೆ ‘ನನ್ನ ಕೈಲಿ ಆಗಬೇಕು’ ಎಂಬ ಆಸೆ. ಈಜು ನೋಡುತ್ತ ಬಾವಿಯ ದಂಡೆಯಲ್ಲಿ ನಿಂತ ನಮ್ಮ ಕಡೆಯ ಹುಡುಗ “ನನಗೂ ಬರಬೇಕು” ಅನ್ನುತ್ತಾನಲ್ಲ, ಆ ‘ಬರಬೇಕು’ ಇದೆಯಲ್ಲ, ಅದೇ ಶಿಕ್ಷೆಯ ಮೊದಲ ಅರ್ಥ. ಏಟಿನ ನೆರಳೂ ಅಲ್ಲಿಲ್ಲ.

ಆ ಅರ್ಥದಲ್ಲೇ ಪದ ಬಹಳ ಕಾಲ ಬದುಕಿತು. ವೇದವನ್ನು ಸರಿಯಾಗಿ ಉಚ್ಚರಿಸಲು ಕಲಿಸುವ ಶಾಸ್ತ್ರಕ್ಕೆ ಶಿಕ್ಷಾ ಎಂದೇ ಹೆಸರು. ಆರು ವೇದಾಂಗಗಳಲ್ಲಿ ಅದೂ ಒಂದು. ಬೌದ್ಧರ ಪಾಲಿಯಲ್ಲಿ ಅದು ಸಿಕ್ಖಾ. ಭಿಕ್ಷು ಪಾಲಿಸಬೇಕಾದ ನಿಯಮ ಸಿಕ್ಖಾಪದ. ಹಿಂದಿಯಲ್ಲಿ ಸೀಖನಾ, ಪಂಜಾಬಿಯಲ್ಲಿ ಸಿಖಣಾ ಎಂದರೆ ಕಲಿಯುವುದು. ಸಿಖ್ ಎಂಬ ಹೆಸರನ್ನು ಶಿಷ್ಯ ಎಂಬುದರಿಂದ ಬಿಡಿಸುವವರೂ ಇದ್ದಾರೆ. ಹೇಗೇ ಬಿಡಿಸಿದರೂ ಅದರ ಅರ್ಥ ಕಲಿಯುವವ. ನಮ್ಮ ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ದೇಶದ ಮೂಲೆಮೂಲೆಯಿಂದ ಬರುವ ಯಾತ್ರಿಕರು ತಮ್ಮನ್ನು ಆ ಹೆಸರಿನಿಂದ ಕರೆದುಕೊಳ್ಳುತ್ತಾರೆ. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆ ಒಡ್ಡಿ ಎದ್ದು ನಿಂತ ಐವರಲ್ಲಿ ಭಾಯಿ ಸಾಹೇಬ್ ಸಿಂಗ್ ಬೀದರಿನವರು, ಕ್ಷೌರಿಕ ಮನೆತನದವರು.

ಕಲಿಕೆ ಏಟಾಗಿದ್ದು ಹೇಗೆ? ಗುರು ತಿದ್ದುತ್ತಾನೆ, ತಿದ್ದುವಾಗ ಬೈಯುತ್ತಾನೆ, ಬೈಗುಳಕ್ಕೆ ಬಗ್ಗದಿದ್ದರೆ ಕೋಲು ಎತ್ತುತ್ತಾನೆ. ಪದವೂ ಅದೇ ಮೆಟ್ಟಿಲುಗಳನ್ನು ಇಳಿಯಿತು. ರಾಜರ ಹೊಗಳಿಕೆಯಲ್ಲಿ ಬರುವ ‘ದುಷ್ಟಶಿಕ್ಷಣ, ಶಿಷ್ಟರಕ್ಷಣ’ ಎಂಬ ಜೋಡಿಮಾತಿನಲ್ಲಿ ಶಿಕ್ಷಣ ಎಂಬುದೂ ದಂಡನೆಯೇ. ಶಾಸ್ ಎಂಬ ಇನ್ನೊಂದು ಧಾತುವಿಗೂ ಇದೇ ಗತಿಯಾಯಿತು: ಶಾಸ್ತ್ರ, ಶಿಷ್ಯ, ಶಾಸನ ಅದರ ಮಕ್ಕಳು, ‘ತಕ್ಕ ಶಾಸ್ತಿ’ಯ ಶಾಸ್ತಿಯೂ ಅದರ ಮಗಳೇ. ಆಡುಗನ್ನಡವೂ ಬೇರೆ ದಾರಿ ಹಿಡಿಯಲಿಲ್ಲ. ಓಣಿಯ ಜಗಳದಲ್ಲಿ “ನಿನಗ ಬುದ್ಧಿ ಕಲಿಸ್ತೀನಿ”, “ಪಾಠ ಕಲಿಸ್ತೀನಿ” ಎಂದು ಕೂಗುವವನು ಪುಸ್ತಕ ಹಿಡಿದು ಬರುವುದಿಲ್ಲ. ಅರಬ್ಬಿಯಲ್ಲಿ ಅದಬ್ ಎಂದರೆ ಸಭ್ಯತೆ, ಸಾಹಿತ್ಯ. ಅದರಿಂದ ಬಂದ ತಾದೀಬ್‌ಗೆ ಕಲಿಸುವುದು ಎಂಬ ಅರ್ಥವೂ ಉಂಟು, ದಂಡಿಸುವುದು ಎಂಬ ಅರ್ಥವೂ ಉಂಟು. ಇಂಗ್ಲಿಷಿನ ಡಿಸಿಪ್ಲಿನ್ ಹುಟ್ಟಿದ್ದು ಶಿಷ್ಯ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಇಷ್ಟು ನುಡಿಗಳು ಒಂದೇ ಕಡೆ ಜಾರಿದವು ಎಂದರೆ ಮನುಷ್ಯನ ಒಂದು ಹಳೆಯ ನಂಬಿಕೆ ಅದರ ಹಿಂದಿದೆ: ನೋವು ಕೊಟ್ಟರೆ ಕಲಿಯುತ್ತಾನೆ.

ಇನ್ನು ಒಳಗೆ ಹಾಕುವ ಜಾಗದ ಹೆಸರುಗಳನ್ನು ನೋಡಿ. ಸೆರೆ ಹಳೆಗನ್ನಡದಲ್ಲಿ ಶಕಟರೇಫದ ಸೆಱೆ. ತೆಲುಗಿನಲ್ಲಿ ಚೆರ, ತಮಿಳಿನಲ್ಲಿ ಚಿಱೈ. ಮಲಯಾಳದಲ್ಲಿ ಚಿಱ ಎಂದರೆ ನೀರು ಕಟ್ಟಿದ ಒಡ್ಡು, ಕೆರೆ. ಹರಿಯುವುದನ್ನು ತಡೆದು ನಿಲ್ಲಿಸುವುದು ಎಂಬ ಒಂದೇ ಭಾವ ನೀರಿಗೂ ಸಂದಿದೆ, ಮನುಷ್ಯನಿಗೂ ಸಂದಿದೆ. ಬಂದೀಖಾನೆಯ ಬಂದಿ ಕಟ್ಟಿಹಾಕಲ್ಪಟ್ಟವನು. ಖಾನೆ ಪಾರಸಿಯ ಮನೆ. ಕೈದಿಯ ಕೈದ್ ಅರಬ್ಬಿ, ಅದೂ ಕಟ್ಟುವುದೇ. (ಹಳೆಗನ್ನಡದ ಕೈದು ಬೇರೆ, ಅದು ಆಯುಧ.) ಜೇಲು ಎಂಬುದು ಲ್ಯಾಟಿನ್ನಿನ ಪಂಜರದಿಂದ ಹಾರಿ ಇಂಗ್ಲಿಷಿಗೆ ಬಂದು ನಮ್ಮಲ್ಲಿ ಇಳಿಯಿತು. ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ಉಳಿದಿರುವ ತುರಂಗದ ಕತೆ ಎಲ್ಲಕ್ಕಿಂತ ಉದ್ದ. ಗೋವೆಗೆ ಬಂದ ಪೋರ್ಚುಗೀಸರ ಭಾಷೆಯಲ್ಲಿ ತ್ರೊಂಕೊ ಎಂದರೆ ಮರದ ದಿಮ್ಮಿ. ದಿಮ್ಮಿಗೆ ತೂತು ಕೊರೆದು ಅದರಲ್ಲಿ ಕಾಲು ಸಿಕ್ಕಿಸಿ ಕೂರಿಸುತ್ತಿದ್ದರು. ಮರಾಠಿ ಅದನ್ನು ತುರುಂಗ ಮಾಡಿಕೊಂಡಿತು, ನಾವು ತುರಂಗ ಎಂದೆವು. ಕುದುರೆಗೂ ಅದಕ್ಕೂ ಸಂಬಂಧವಿಲ್ಲ.

ಒಡ್ಡು, ಹಗ್ಗ, ಪಂಜರ, ದಿಮ್ಮಿ. ಈ ಹೆಸರುಗಳೆಲ್ಲ ಮನುಷ್ಯನನ್ನು ಹಿಡಿದು ಇಡುವ ಮಾತನ್ನಷ್ಟೇ ಆಡುತ್ತವೆ. ಒಳಗಿದ್ದಾಗ ಅವನಿಗೆ ಏನಾಗಬೇಕು ಎಂದು ಹೇಳುವುದು ಶಿಕ್ಷೆ ಎಂಬ ಒಂದೇ ಪದ.

ಕಲ್ಯಾಣದ ಮಾತಿಲ್ಲದೆ ನಮ್ಮ ಕಡೆ ನ್ಯಾಯದ ಮಾತು ಮುಗಿಯುವುದಿಲ್ಲ. ಚಾಲುಕ್ಯ ಆರನೇ ವಿಕ್ರಮಾದಿತ್ಯ (1076–1126) ಕಲ್ಯಾಣದಲ್ಲಿ ಆಳುತ್ತಿದ್ದಾಗ ವಿಜ್ಞಾನೇಶ್ವರ ಅಲ್ಲಿ ಕೂತು ಮಿತಾಕ್ಷರ ಬರೆದ. ಕಲಬುರಗಿ ಕಡೆಯ ಮರತೂರು ಅವನ ಊರು ಎನ್ನುತ್ತಾರೆ. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿ ನಾಲ್ಕು ಬಗೆಯ ದಂಡ ಹೇಳುತ್ತದೆ: ಛೀ ಎಂದು ಧಿಕ್ಕರಿಸುವ ಧಿಗ್ದಂಡ, ಮಾತಿನಲ್ಲಿ ಖಂಡಿಸುವ ವಾಗ್ದಂಡ, ಹಣದ ಧನದಂಡ, ಮೈಗೆ ತಟ್ಟುವ ವಧದಂಡ. ಈ ನಾಲ್ಕು ಹೆಸರಿನಲ್ಲಿ ಸೆರೆಗೆ ತನ್ನದೇ ಆದ ಜಾಗವಿಲ್ಲ. ಸೆರೆಮನೆಗಳು ಇರಲಿಲ್ಲ ಎಂದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಬಂಧನಾಗಾರದ ಬಗ್ಗೆ ಬೇಕಾದಷ್ಟು ಹೇಳುತ್ತದೆ. ರಾಜನ ಜನ್ಮನಕ್ಷತ್ರದ ದಿನ, ಹುಣ್ಣಿಮೆಯ ದಿನ ಮಕ್ಕಳು, ಮುದುಕರು, ರೋಗಿಗಳು, ದಿಕ್ಕಿಲ್ಲದವರನ್ನು ಬಿಡಬೇಕು ಎಂದೂ ಹೇಳುತ್ತದೆ. ಈಗ ಆಗಸ್ಟ್ 15ಕ್ಕೆ ಸನ್ನಡತೆಯ ಮೇಲೆ ಬಿಡುಗಡೆ ಮಾಡುವ ಪದ್ಧತಿಯ ಹಿಂದೆ ಇಷ್ಟು ಹಳೆಯ ನೆನಪಿದೆ. ಆದರೆ ಇಂತಿಷ್ಟು ತಪ್ಪಿಗೆ ಇಂತಿಷ್ಟು ವರ್ಷ ಎಂದು ಮನುಷ್ಯನ ಆಯುಷ್ಯವನ್ನೇ ಅಳೆದು ಕತ್ತರಿಸುವ ಲೆಕ್ಕ ಆ ಕಾಲದ್ದಲ್ಲ.

ಆ ಧರ್ಮಶಾಸ್ತ್ರದ ಇನ್ನೊಂದು ನಂಬಿಕೆ ನನಗೆ ದೊಡ್ಡದಾಗಿ ಕಾಣುತ್ತದೆ: ರಾಜನಿಂದ ದಂಡ ಪಡೆದವನ ಪಾಪ ಅಲ್ಲಿಗೆ ತೊಳೆದುಹೋಯಿತು, ಅವನು ಸಜ್ಜನರಷ್ಟೇ ಶುದ್ಧ. ಮನುಸ್ಮೃತಿಯಲ್ಲೂ ಈ ಮಾತು ಇದೆ. ಅದೇ ಧರ್ಮಶಾಸ್ತ್ರ ಒಂದೇ ತಪ್ಪಿಗೆ ಜಾತಿ ನೋಡಿ ಬೇರೆಬೇರೆ ದಂಡ ಹೇಳಿತು ಎಂಬುದನ್ನೂ ಮರೆಯಬಾರದು. ಅದರ ಕ್ರೌರ್ಯವನ್ನು ಕಲ್ಯಾಣ ಕಣ್ಣಾರೆ ಕಂಡಿತು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನಡೆದ ಮದುವೆಗಾಗಿ ಅರಸ ಬಿಜ್ಜಳ ಆ ಇಬ್ಬರು ತಂದೆಯರಿಗೆ ವಿಧಿಸಿದ್ದು ಎಳೆಹೂಟೆ, ಆನೆಯ ಕಾಲಿಗೆ ಕಟ್ಟಿ ಎಳೆಸುವುದು. ಬಸವಕಲ್ಯಾಣದ ಸುತ್ತ ಇಂದಿಗೂ ಎಳೆಹೂಟೆ ಎಂಬ ಪದ ಕೇಳಿದರೆ ವಿವರಿಸಬೇಕಾಗಿಲ್ಲ. ಅದು ಯಾರಿಗೆ ಯಾವ ಬುದ್ಧಿ ಕಲಿಸಿತು? ರಾಜನೇ ಉಳಿಯಲಿಲ್ಲ, ಶರಣರು ದಿಕ್ಕುಪಾಲಾದರು.

ಅದೇ ಕಲ್ಯಾಣದ ಶರಣರ ಪಟ್ಟಿಯಲ್ಲಿ ಕನ್ನದ ಮಾರಿತಂದೆ ಎಂಬ ಒಂದು ಹೆಸರಿದೆ. ಕನ್ನ ಎಂದರೆ ಗೋಡೆ ಕೊರೆದು ಕದಿಯುವುದು. ಶರಣನಾಗುವ ಮೊದಲು ಅವನು ಕಳ್ಳನಾಗಿದ್ದ ಎಂಬುದು ಪರಂಪರೆಯ ಮಾತು. ಸಿಕ್ಕಿರುವ ವಚನಗಳು ಬೆರಳೆಣಿಕೆಯಷ್ಟು; ಅವುಗಳಲ್ಲಿ ಅವನು ಕನ್ನದ ಭಾಷೆಯನ್ನೇ ಅಧ್ಯಾತ್ಮಕ್ಕೆ ತಿರುಗಿಸಿಕೊಂಡಿದ್ದಾನೆ. ಶರಣರು ಅವನ ಹಳೆಯ ಕಸುಬನ್ನು ಮುಚ್ಚಿಡಲಿಲ್ಲ, ಅದರ ಮೇಲೆ ಅವನನ್ನು ಅಳೆಯಲೂ ಇಲ್ಲ. ಕನ್ನ ಹೆಸರಿನಲ್ಲಿ ಉಳಿಯಿತು, ಕೈಯಲ್ಲಿ ಉಳಿಯಲಿಲ್ಲ. ಅಪರಾಧಿ ಬದಲಾಗಬಲ್ಲ ಎಂಬುದಕ್ಕೆ ನಮ್ಮ ನೆಲದ ಸಾಕ್ಷಿ ಬೇಕಾದವರು ಈ ಹೆಸರನ್ನು ನೆನೆಯಬೇಕು.

ಶಿಕ್ಷೆಯಿಂದ ಶಿಕ್ಷಣವನ್ನು ಕಾಗದದ ಮೇಲೆ ಕತ್ತರಿಸಿದವರು ಬ್ರಿಟಿಷರು. ಮೆಕಾಲೆ ಇದ್ದ ಜೇಲು ಶಿಸ್ತಿನ ಸಮಿತಿ 1838ರಲ್ಲಿ ವರದಿ ಕೊಟ್ಟಿತು. ಕೈದಿಗಳಿಗೆ ಓದು, ನೀತಿಬೋಧೆ ಬೇಡ. ಬೇಸರ ಬರುವಂಥ, ಏಕತಾನದ, ದಣಿಸುವ ಕೆಲಸ ಕೊಡಿ ಎಂಬುದು ಅದರ ಸಾರ. 1860ರ ದಂಡ ಸಂಹಿತೆ ತಪ್ಪುಗಳ ಪಟ್ಟಿ ಮಾಡಿ ಒಂದೊಂದಕ್ಕೂ ಸಾದಾ ಸಜೆ, ಕಠಿಣ ಸಜೆ ಎಂದು ವರ್ಷ ಹಚ್ಚಿತು. ಸುಧಾರಣೆಯೂ ಜೇಲಿನ ಉದ್ದೇಶ ಎಂದು ಸರ್ಕಾರದ ಸಮಿತಿಯೊಂದು ಗಟ್ಟಿಯಾಗಿ ಹೇಳಲು 1919–20ರ ತನಕ, ಅಲೆಕ್ಸಾಂಡರ್ ಕಾರ್ಡ್ಯೂ ಅವರ ಸಮಿತಿ ಬರುವ ತನಕ, ಕಾಯಬೇಕಾಯಿತು. ಈಗ ನಮ್ಮ ಇಲಾಖೆಯ ಹೆಸರು ‘ಕಾರಾಗೃಹ ಮತ್ತು ಸುಧಾರಣಾ ಸೇವೆ’. ಹೆಸರು ಸರಿಯಾಗಿದೆ.

ಆದರೆ ಸುಧಾರಣೆಯ ಹೆಸರಿನಲ್ಲಿ ಬೇಲಿ ಹಾಕಿದ್ದೂ ಉಂಟು. ಹುಮನಾಬಾದಿನಿಂದ ಪುಣೆಯ ಹೆದ್ದಾರಿ ಹಿಡಿದರೆ ಸೊಲ್ಲಾಪುರ. ಅಲ್ಲಿಯೂ, ನಮ್ಮ ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿಯೂ ಸೆಟ್ಲಮೆಂಟ್ ಎಂಬ ಪದ ಊರಿನ ನೆನಪಿನಲ್ಲಿದೆ. ಹುಬ್ಬಳ್ಳಿ, ಗದಗಿನಲ್ಲಿ ಬಡಾವಣೆಗೇ ಆ ಹೆಸರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಜಾತಿಗಳ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆಯಿತು. ಮುಂಬಯಿ ಪ್ರಾಂತದಲ್ಲಿ ಸ್ಟಾರ್ಟ್ ಎಂಬ ಅಧಿಕಾರಿ ವಿಜಯಪುರದಿಂದ ಶುರು ಮಾಡಿ ಇಂಥವರನ್ನು ತಂತಿಬೇಲಿಯ ಒಳಗೆ ‘ನೆಲೆಗೊಳಿಸುವ’ ಕೆಲಸ ಹಚ್ಚಿಕೊಂಡ. ಹಾಜರಿ ಕೂಗಿಸಿಕೊಳ್ಳಬೇಕು, ಚೀಟಿ ಇಲ್ಲದೆ ಹೊರಗೆ ಕಾಲಿಡಬಾರದು, ಗಿರಣಿಯಲ್ಲಿ ದುಡಿಯಬೇಕು. ಒಳಗೆ ಶಾಲೆಯೂ ಇತ್ತು, ಕಸುಬು ಕಲಿಸುವುದೂ ಇತ್ತು. ಆದರೆ ಬೇಲಿಯೊಳಗೆ ಹುಟ್ಟಿದ ಮಗು ಮೊದಲು ಕಲಿತದ್ದು ತಾನು ಕಳ್ಳರ ಪೈಕಿ ಎಂಬುದನ್ನು. 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯಿತು, ಜನಕ್ಕೆ ‘ವಿಮುಕ್ತ’ ಎಂಬ ಹೆಸರು ಬಂತು. ಕಾಯ್ದೆ ಹೋದರೂ ‘ರೂಢಿಗತ ಅಪರಾಧಿ’ ಎಂಬ ಹಣೆಪಟ್ಟಿ ಬೇರೆ ಕಾಯ್ದೆಗಳಲ್ಲಿ, ಜೇಲಿನ ಕೈಪಿಡಿಗಳಲ್ಲಿ ಉಳಿಯಿತು. ಒಳಗೆ ಕಸ ಗುಡಿಸುವವರು ಯಾವ ಜಾತಿ, ಅಡುಗೆ ಮಾಡುವವರು ಯಾವ ಜಾತಿ ಎಂದು ಬರೆದಿದ್ದ ಕೈಪಿಡಿಗಳ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಒಬ್ಬನಿಗೆ ನೀನು ಇಂಥವನು ಎಂದು ದಿನವೂ ಹೇಳುತ್ತಿದ್ದರೆ ಅದೂ ಪಾಠವೇ, ಮನಸ್ಸಿಗೆ ಬಹಳ ಬೇಗ ಹತ್ತುವ ಪಾಠ.

ಈಗ ನಮ್ಮ ಓಣಿಯ ಒಬ್ಬ ಹುಡುಗನ ಮಾತು. ಹೆಸರು ಬೇಡ. ನನ್ನ ಹತ್ತಿರ ಮೂರು ವರ್ಷ ಕನ್ನಡ ಓದಿದವ. ತಂದೆ ಇಲ್ಲ, ತಾಯಿ ತೊಗರಿ ಹೊಲದಲ್ಲಿ ಕಳೆ ತೆಗೆಯುವ ಕೂಲಿ. ಹತ್ತೊಂಬತ್ತರಲ್ಲಿ ಅವನು ಇನ್ನಿಬ್ಬರ ಜೊತೆ ಸೇರಿ ಬಾವಿಯ ಮೋಟಾರಿನ ತಾಮ್ರದ ತಂತಿ ಕದ್ದ. ಸಿಕ್ಕಿಬಿದ್ದ. ಗುನ್ನೆ ದಾಖಲಾಯಿತು. (ಗುನ್ನೆ ಪಾರಸಿಯ ಗುನಾಹ್, ಪಾಪ; ನಮ್ಮ ಕಡೆಯ ಪೊಲೀಸ್ ಕಾಗದದಲ್ಲಿ ಇನ್ನೂ ‘ಗುನ್ನೆ ನಂಬರ್’ ಎಂದೇ ಬರುತ್ತದೆ.) ಜಾಮೀನು ಸಿಗುವ ಪ್ರಕರಣವೇ. ಆದರೆ ಜಾಮೀನಿಗೆ ಒಬ್ಬರು ತಮ್ಮ ಹೊಲದ ಪಹಣಿ ಹಿಡಿದು ಕೋರ್ಟಿಗೆ ಬರಬೇಕು. ಹೊಲವಿಲ್ಲದ ಆ ತಾಯಿಗೆ ಪಹಣಿ ಕೊಡುವವರು ಯಾರು? ನನ್ನ ಹೆಸರಿನಲ್ಲೂ ಹೊಲವಿರಲಿಲ್ಲ. ಏಳು ತಿಂಗಳು ಅವಳು ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ಮುಲಾಖಾತಿಗೆ ಹೋದಳು. ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತಿತ್ತು, ಬಸ್ಸಿನ ಖರ್ಚು ಬೇರೆ. “ತಾರೀಖ ಕೊಟ್ಟಾರ್ರಿ ಸರ” ಎಂಬುದೊಂದೇ ಅವಳು ತರುತ್ತಿದ್ದ ಸುದ್ದಿ. ಕೊನೆಗೆ ಹುಡುಗ ತಪ್ಪು ಒಪ್ಪಿಕೊಂಡ. ಒಳಗಿದ್ದ ಏಳು ತಿಂಗಳನ್ನೇ ಶಿಕ್ಷೆ ಎಂದು ಹಿಡಿದರು. ಶಿಕ್ಷೆ ಪ್ರಕಟವಾದ ದಿನವೇ ಬಿಡುಗಡೆಯೂ ಆಯಿತು.

ಬಂದ ಮೂರನೇ ದಿನ ನನ್ನ ಮನೆಯ ಕಟ್ಟೆಗೆ ಬಂದು ಕೂತ. ಮೈ ಇಳಿದಿತ್ತು. ನನ್ನ ಹತ್ತಿರ ಕುರ್ಚಿ ಮೇಲೆ ಬಾಗಿಲ ಕೀಲಿ ಬಿದ್ದಿತ್ತು, ಹಳೆಯ ಹಿತ್ತಾಳೆಯದು. ಅವನು ಅದನ್ನು ಎತ್ತಿಕೊಂಡು ಅಂಗೈಯಲ್ಲಿ ಆಡಿಸುತ್ತ, ತೂತಿನ ಒಳಗೆ ಒಂದು ಕಣ್ಣು ಮುಚ್ಚಿ ನೋಡಿ, ಮೆಲ್ಲಗೆ ಕೆಳಗಿಟ್ಟ.

“ಇದಕ್ಕ ಕೀಲಿಕೈ ಬ್ಯಾಡ್ರಿ ಸರ. ಸೈಕಲ್ ಕಡ್ಡಿ ಸಾಕು.”

“ಯಾರು ಕಲಿಸಿದ್ರೋ ತಮ್ಮಾ?”

“ಒಳಗ ಒಬ್ರು ಉಸ್ತಾದ ಇದ್ರು.”

ಅವನ ದನಿಯಲ್ಲಿ ಜಂಭ ಇರಲಿಲ್ಲ, ಗೌರವ ಇತ್ತು. ಉಸ್ತಾದ ಎಂದರೆ ಗುರು. ಮೂರು ವರ್ಷ ವರ್ಣಮಾಲೆಯಿಂದ ಹಿಡಿದು ವ್ಯಾಕರಣದವರೆಗೆ ಕಲಿಸಿದ ನನ್ನನ್ನು ಅವನು ಆ ಭಾವದಿಂದ ನೆನೆದಿರಲಿಕ್ಕಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜೇಲು ಕಲಿಸುವುದಿಲ್ಲ ಎನ್ನುವವರು ತಪ್ಪು. ಹೊತ್ತು ಹೋಗದ ನೂರು ಜನರನ್ನು ಒಂದು ಬ್ಯಾರಕಿನಲ್ಲಿ ಇಟ್ಟರೆ ಅಲ್ಲಿ ಪಾಠ ನಡೆದೇ ನಡೆಯುತ್ತದೆ. ಸರ್ಕಾರ ಗುರುವನ್ನು ಕಳಿಸದಿದ್ದರೆ ಒಳಗಿನವರಲ್ಲೇ ಒಬ್ಬ ಗುರುವಾಗುತ್ತಾನೆ.

ಆ ಹುಡುಗ ಒಬ್ಬನೇ ಅಲ್ಲ. 2022ರ ಕೊನೆಗೆ ದೇಶದ ಜೇಲುಗಳಲ್ಲಿ 5,73,220 ಜನ ಇದ್ದರು. ಜಾಗ ಇದ್ದದ್ದು 4,36,266 ಜನರಿಗೆ. ಒಳಗಿದ್ದವರಲ್ಲಿ ನೂರಕ್ಕೆ 75.8 ಮಂದಿ ವಿಚಾರಣಾ ಬಂದಿಗಳು. ಪದದ ಲೆಕ್ಕದಲ್ಲಿ ಹೇಳುವುದಾದರೆ ಅವರಿಗೆ ಸೆರೆ ಇದೆ, ಶಿಕ್ಷೆ ಇಲ್ಲ. ಶಿಕ್ಷಾ ಬಂದಿಗಾದರೆ ಮಗ್ಗವೋ, ಬಡಗಿತನವೋ, ತೋಟವೋ ಏನಾದರೂ ಒಂದು ಕೆಲಸ, ಅದಕ್ಕೊಂದು ಕೂಲಿ ಉಂಟು. ತೀರ್ಪು ಬಾರದವನು ಬರೀ ಕಾಯುತ್ತಾನೆ. ನಾಲ್ವರಲ್ಲಿ ಮೂವರು ಹೀಗೆ ಕಾಯುವ ಮನೆಗೆ ಸುಧಾರಣಾ ಸೇವೆ ಎಂದು ಹೆಸರಿಟ್ಟರೆ ಸಾಲದು.

ಹೊರಗಿನ ಜಗತ್ತು ಇದನ್ನು ಅಳೆದು ನೋಡಿದೆ. ಅಮೆರಿಕದ ಅಪರಾಧಶಾಸ್ತ್ರಜ್ಞರು 2021ರಲ್ಲಿ 116 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಜೇಲಿಗೆ ಹೋದವರನ್ನೂ, ಅಂಥದೇ ತಪ್ಪಿಗೆ ಹೊರಗಿಟ್ಟೇ ಬೇರೆ ಬಗೆಯ ಶಿಕ್ಷೆ ಪಡೆದವರನ್ನೂ ಹೋಲಿಸಿದರೆ ಜೇಲು ಮತ್ತೆ ತಪ್ಪು ಮಾಡುವುದನ್ನು ಕಡಿಮೆ ಮಾಡಿಲ್ಲ. ಮಾಡಿದ್ದರೆ ತುಸು ಹೆಚ್ಚೇ ಮಾಡಿದೆ. ಇದಕ್ಕೆ ಎದುರಾಗಿ ನಾರ್ವೆ ಇದೆ. ಅಲ್ಲಿಯ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿದ 2020ರ ಅಧ್ಯಯನದಲ್ಲಿ ಜೇಲಿಗೆ ಹೋದವರು ಮತ್ತೆ ತಪ್ಪು ಮಾಡುವುದು ಚೆನ್ನಾಗಿಯೇ ಇಳಿದದ್ದು ಕಂಡಿತು. ಯಾರಲ್ಲಿ? ಮೊದಲು ಕೆಲಸವೇ ಇಲ್ಲದೆ ಇದ್ದವರಲ್ಲಿ. ಅವರು ಒಳಗೆ ಕಸುಬಿನ ತರಬೇತಿ ಪಡೆದರು, ಹೊರಗೆ ಬಂದು ಕೆಲಸ ಹಿಡಿದರು. ಎರಡೂ ಅಧ್ಯಯನಗಳನ್ನು ಓದಿದಾಗ ನನಗೆ ಹಳೆಯ ಶಕ್ ಧಾತುವೇ ಕಣ್ಣೆದುರು ಬಂತು. ಕೈಲಿ ಏನೋ ಒಂದು ಆಗುವಂತೆ ಮಾಡಿದ ಕಡೆ ಮನುಷ್ಯ ತಿರುಗಿದ್ದಾನೆ. ಬರೀ ಕೂಡಿಹಾಕಿದ ಕಡೆ ಒಡ್ಡಿನ ನೀರಿನ ಹಾಗೆ ನಿಂತು ಕೆಟ್ಟಿದ್ದಾನೆ. ಜೇಲು ಅಪರಾಧ ತಗ್ಗಿಸುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಶಿಕ್ಷೆಗೆ ಅದರ ಮೊದಲ ಅರ್ಥ ಉಳಿದಿದ್ದರೆ ತಗ್ಗಿಸುತ್ತದೆ.

ಹಾಗೆಂದು ಸೆರೆಯೇ ಬೇಡ ಎನ್ನುವವನಲ್ಲ ನಾನು. ಹೆಣ್ಣುಮಕ್ಕಳ ಮೇಲೆ, ಎಳೆಯರ ಮೇಲೆ ಕೈ ಮಾಡಿದವನು, ಕೊಲೆಯನ್ನೇ ಕಸುಬು ಮಾಡಿಕೊಂಡವನು ಎದುರು ಮನೆಯಲ್ಲಿ ಓಡಾಡಿಕೊಂಡಿದ್ದರೆ ನೊಂದವರು ಉಸಿರಾಡುವುದು ಹೇಗೆ? ಅಂಥವರನ್ನು ಹಿಡಿದಿಡಬೇಕು, ಬೇಕಾದರೆ ಬಹಳ ವರ್ಷ ಹಿಡಿದಿಡಬೇಕು. ಆದರೆ ಅಂಥವನ ಪಕ್ಕದಲ್ಲೇ ತಂತಿ ಕದ್ದ ಹತ್ತೊಂಬತ್ತರ ಹುಡುಗನನ್ನು ಮಲಗಿಸಬಾರದು.

ಅಂಥವರೊಳಗೂ ಏನೋ ಅಲುಗಾಡುತ್ತದೆ ಎಂದು ತೋರಿಸಿದವರು ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ. 1990ರ ದಶಕದ ಕೊನೆಯಿಂದ ಅವರು ಕರ್ನಾಟಕದ ಜೇಲುಗಳಲ್ಲಿ ಜೀವಾವಧಿ ಕೈದಿಗಳನ್ನು ಕಟ್ಟಿಕೊಂಡು ನಾಟಕ ಮಾಡಿಸಿದರು. ತಂಡದ ಹೆಸರು ಸಂಕಲ್ಪ. ಎಚ್.ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್ ಅನ್ನು ಕನ್ನಡಕ್ಕೆ ತಂದ ‘ಮಾರನಾಯಕ’ವನ್ನು ಕೈದಿಗಳೇ ಆಡಿದರು, ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಗಳಿಗೂ ಬಂದರು. ಕೊಲೆ ಮಾಡಿದವನು ಕೈಯ ರಕ್ತ ತೊಳೆದರೂ ಹೋಗದೆ ಒದ್ದಾಡುವ ನಾಟಕ ಅದು. ಅದನ್ನು ಆಡಲು ತಿಂಗಳುಗಟ್ಟಲೆ ತಾಲೀಮು ಬೇಕು. ತಾಲೀಮು ಅರಬ್ಬಿಯ ತಾಲೀಮ್, ಎಂದರೆ ವಿದ್ಯಾಭ್ಯಾಸ. ನಿಜಾಮರ ಕಾಲದಲ್ಲಿ ನಮ್ಮ ಕಡೆ ಓದಿನ ಮಾತಿಗೆ ತಾಲೀಮ್ ಎನ್ನುತ್ತಿದ್ದರು. ಕನ್ನಡದಲ್ಲಿ ಅದು ಕುಸ್ತಿಯ ಅಖಾಡಕ್ಕೂ ನಾಟಕದ ಅಭ್ಯಾಸಕ್ಕೂ ಹೆಸರಾಯಿತು. ಜೇಲಿನ ಒಳಗೆ ಹೋಗಿ ಆ ಪದ ತನ್ನ ಹಳೆಯ ಅರ್ಥವನ್ನು ಮರಳಿ ಪಡೆಯಿತು.

ದಂಡ ಎಂಬ ಪದವನ್ನು ಮಾತ್ರ ನಮ್ಮ ಜನ ಬೇರೆಯೇ ದಿಕ್ಕಿಗೆ ಒಯ್ದಿದ್ದಾರೆ. ಕೋಲಾಗಿದ್ದ ದಂಡ ಜುಲ್ಮಾನೆಯಾಯಿತು, ಆಮೇಲೆ ವ್ಯರ್ಥ ಎಂಬ ಅರ್ಥ ಪಡೆಯಿತು: “ಹೋಗಿದ್ದು ದಂಡ ಆತು”, “ರೊಕ್ಕ ದಂಡ”. ಏಳು ತಿಂಗಳು ಒಳಗಿದ್ದು ಬಂದ ಮಗನ ಬಗ್ಗೆ ಆ ತಾಯಿಯೂ ಇದೇ ಮಾತು ಅಂದಳು: “ಎಲ್ಲಾ ದಂಡ ಆತ್ರಿ ಸರ.”

2024ರ ಜುಲೈ 1ರಿಂದ ದಂಡ ಸಂಹಿತೆಯ ಹೆಸರು ಹೋಗಿ ನ್ಯಾಯ ಸಂಹಿತೆ ಬಂದಿದೆ. ಹೆಸರಿನ ಜೊತೆಗೆ ಒಂದು ಒಳ್ಳೆಯ ಕಲಮೂ ಬಂದಿದೆ. ಮೊದಲ ಸಲ ತಪ್ಪಿತಸ್ಥನೆನಿಸಿದವನು ಕದ್ದದ್ದು ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಅದನ್ನು ಮರಳಿ ಕೊಟ್ಟರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಅದಕ್ಕಿಂತ ಬಹಳ ಹಳೆಯದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಅದರ ಕೆಳಗೆ ನ್ಯಾಯಾಲಯ ಅಪರಾಧಿಯನ್ನು ಜೇಲಿಗೆ ಕಳಿಸದೆ, ಪರಿವೀಕ್ಷಣಾಧಿಕಾರಿಯ ಕಣ್ಣಳತೆಯಲ್ಲಿ ಮನೆಗೇ ಕಳಿಸಬಹುದು. ಹಾಗೆ ಬಿಡುಗಡೆಯಾದವನಿಗೆ ಅಪರಾಧಿ ಎನ್ನಿಸಿಕೊಂಡದ್ದರಿಂದ ಬರುವ ಅನರ್ಹತೆ ತಟ್ಟಬಾರದು ಎಂದು 12ನೇ ಕಲಮು ಹೇಳುತ್ತದೆ. ದಂಡ ಪಡೆದವನು ಶುದ್ಧ ಎಂಬ ಹಳೆಯ ಮಾತಿಗೆ ಇದು ಹತ್ತಿರದ್ದು.

ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣದ ವಕೀಲರಲ್ಲಿ ನನ್ನದೊಂದು ಕೇಳಿಕೆ. ಬಡವರ ಮಕ್ಕಳು ಸಣ್ಣ ತಪ್ಪಿಗೆ ನಿಮ್ಮ ಮುಂದೆ ಬಂದಾಗ ಆ ಕಾಯ್ದೆಯನ್ನು ದಯಮಾಡಿ ಎತ್ತಿ ಓದಿ. ಹೊಲ ಇರುವ ಓದುಗರೇ, ನಿಮ್ಮ ಪಹಣಿ ಒಂದು ದಿನ ಕೋರ್ಟಿನ ಮೇಜಿನ ಮೇಲೆ ಕೂತರೆ ಒಬ್ಬ ಹುಡುಗ ಆ ಉಸ್ತಾದನ ಕೈಗೆ ಸಿಗದೆ ಉಳಿಯುತ್ತಾನೆ. ಜೇಲಿನಿಂದ ಹೊರಗೆ ಬಂದವನಿಗೆ ಕೂಲಿ ಕೊಡಿ. ಆ ಪರಿವೀಕ್ಷಣಾ ಕಾಯ್ದೆಯ 6ನೇ ಕಲಮಿನ ಪ್ರಕಾರ, ಜೀವಾವಧಿ ಶಿಕ್ಷೆ ಬರುವಂಥ ದೊಡ್ಡ ಅಪರಾಧ ಬಿಟ್ಟರೆ, ಇಪ್ಪತ್ತೊಂದು ತುಂಬದವನನ್ನು ಜೇಲಿಗೆ ಕಳಿಸಲೇಬೇಕೆಂದಾದರೆ ನ್ಯಾಯಾಲಯ ಅದಕ್ಕೆ ಕಾರಣ ಬರೆಯಬೇಕು. ನಮ್ಮ ಓಣಿಯ ಹುಡುಗನ ವಿಷಯದಲ್ಲಿ ಆ ಕಲಮನ್ನು ಯಾರೂ ಎತ್ತಲಿಲ್ಲ. ಅವನಿಗೆ ಆಗ ಹತ್ತೊಂಬತ್ತು.